ಕಂಡು ಕಲಿಯುವ ಬಗೆ: ಒಂದು ವಿಚಾರದ ಇತಿಹಾಸ

ಮನುಷ್ಯನ ನಡೆವಳಿಕೆಯಲ್ಲಿ ಬಹುಪಾಲು ಯಾರೂ ಕಲಿಸದೆ ಬಂದುದು. ಅತಿಥಿಯನ್ನು ಎದುರುಗೊಳ್ಳುವ ರೀತಿ, ಹಿರಿಯರ ಮುಂದೆ ಕುಳಿತುಕೊಳ್ಳುವ ಭಂಗಿ, ಮಾತಿನ ಧಾಟಿ, ಕೋಪ ಬಂದಾಗ ಬಾಯಿಗೆ ಬರುವ ಬೈಗುಳ, ಇವುಗಳಲ್ಲಿ ಯಾವುದಕ್ಕೂ ಪಾಠವಿಲ್ಲ, ಪರೀಕ್ಷೆಯಿಲ್ಲ. ಮನೆಯಲ್ಲಿ ಹಾಗೆ ನಡೆಯುತ್ತಿತ್ತು, ಮಗು ಕಂಡಿತು, ಮಗುವೂ ಹಾಗೆಯೇ ನಡೆಯಿತು. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಎಂಬ ಗಾದೆಯನ್ನು ಕಟ್ಟಿದ ಕನ್ನಡಿಗನಿಗೆ ಈ ಸಂಗತಿ ಚೆನ್ನಾಗಿ ತಿಳಿದಿತ್ತು. ಆದರೆ ಲೋಕವು ಬಲ್ಲ ಸತ್ಯವನ್ನೆಲ್ಲ ಶಾಸ್ತ್ರವು ಒಡನೆಯೇ ಒಪ್ಪಿಕೊಳ್ಳುವುದಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಪ್ರಬಲವಾಗಿದ್ದ ಮನಶ್ಶಾಸ್ತ್ರವು, ಕೇವಲ ನೋಡುವುದರಿಂದ ಕಲಿಕೆಯಾಗುತ್ತದೆಂಬುದನ್ನು ಹೆಚ್ಚುಕಡಿಮೆ ನಿರಾಕರಿಸಿಯೇ ಮುನ್ನಡೆಯಿತು. ಆ ನಿರಾಕರಣೆ ಹೇಗೆ ಹುಟ್ಟಿತು, ಅದು ಹೇಗೆ ಮುರಿದುಬಿದ್ದಿತು, ಮುರಿದ ಮೇಲೆ ಉಳಿದ ಪ್ರಶ್ನೆಗಳಾವುವು ಎಂಬುದು ಶಿಕ್ಷಣದಲ್ಲಿಯೂ ಆಚಾರದಲ್ಲಿಯೂ ಆಸಕ್ತಿಯುಳ್ಳವರೆಲ್ಲ ತಿಳಿಯತಕ್ಕ ವಿಷಯವಾಗಿದೆ.

ಪ್ರಾಚೀನರಿಗೆ ಈ ವಿಷಯದಲ್ಲಿ ಸಂದೇಹವಿರಲಿಲ್ಲ. ಗ್ರೀಸಿನ ತತ್ತ್ವಜ್ಞಾನಿ ಪ್ಲೇಟೋ ತನ್ನ ಆದರ್ಶ ರಾಜ್ಯದ ರಕ್ಷಕರಿಗೆ ಯಾವ ಪಾತ್ರಗಳನ್ನು ಅನುಕರಿಸಲು ಬಿಡಬೇಕು, ಯಾವುದನ್ನು ಬಿಡಬಾರದು ಎಂದು ದೀರ್ಘವಾಗಿ ಚರ್ಚಿಸಿದ್ದಾನೆ. ಎಳವೆಯಿಂದ ಮಾಡುತ್ತ ಬಂದ ಅನುಕರಣೆಯು ಕ್ರಮೇಣ ದೇಹದಲ್ಲಿ, ಧ್ವನಿಯಲ್ಲಿ, ಚಿಂತನೆಯಲ್ಲಿ ನೆಲೆಯೂರಿ ಸ್ವಭಾವವೇ ಆಗಿಬಿಡುತ್ತದೆಂಬುದು ಅವನ ಭಯ. ಅವನ ಶಿಷ್ಯನಾದ ಅರಿಸ್ಟಾಟಲನು ಅದೇ ಸಂಗತಿಯನ್ನು ಭಯವಿಲ್ಲದೆ ನೋಡಿದನು. ಪ್ರಾಣಿಗಳಲ್ಲೆಲ್ಲ ಅತ್ಯಂತ ಅನುಕರಣಶೀಲನಾದವನು ಮನುಷ್ಯನೆಂದೂ, ಅವನ ಮೊದಲ ಪಾಠಗಳೆಲ್ಲ ಅನುಕರಣೆಯಿಂದಲೇ ಬಂದವೆಂದೂ ಅವನು ಕಾವ್ಯಮೀಮಾಂಸೆಯಲ್ಲಿ ಹೇಳುತ್ತಾನೆ. ಗುರುವಿಗೆ ಆತಂಕವಾಗಿ ಕಂಡದ್ದು ಶಿಷ್ಯನಿಗೆ ಸಂತೋಷದ ಮೂಲವಾಗಿ ಕಂಡಿತು. ಈ ಎರಡು ದೃಷ್ಟಿಗಳೂ ಮುಂದಿನ ಕಥೆಯುದ್ದಕ್ಕೂ ಮತ್ತೆ ಮತ್ತೆ ತಲೆಯೆತ್ತುತ್ತವೆ.

ಅನುಕರಣೆಯನ್ನು ಸಮಾಜವಿಜ್ಞಾನದ ಮೂಲಸೂತ್ರವಾಗಿ ಎತ್ತಿ ನಿಲ್ಲಿಸಿದವನು ಫ್ರಾನ್ಸಿನ ಗಬ್ರಿಯೆಲ್ ಟಾರ್ಡ್. ೧೮೪೩ರಲ್ಲಿ ಸಾರ್ಲಾ ಎಂಬ ಸಣ್ಣ ಪಟ್ಟಣದಲ್ಲಿ ಹುಟ್ಟಿದ ಈತ ಅಲ್ಲಿಯೇ ಅನೇಕ ವರ್ಷ ತನಿಖಾ ನ್ಯಾಯಾಧೀಶನಾಗಿದ್ದನು. ದಿನನಿತ್ಯ ಅಪರಾಧಿಗಳನ್ನು ವಿಚಾರಿಸುತ್ತಿದ್ದ ಅವನಿಗೆ ಒಂದು ಸಂಗತಿ ಹೊಳೆಯಿತು. ಅಪರಾಧಗಳಿಗೂ ಉಡುಪಿನಂತೆಯೇ ಕಾಲಕಾಲಕ್ಕೆ ಒಂದು ರೂಢಿಯುಂಟು; ಅವು ನಗರದಿಂದ ಹಳ್ಳಿಗೆ, ಮೇಲಿನವರಿಂದ ಕೆಳಗಿನವರಿಗೆ ಇಳಿದು ಬರುತ್ತವೆ. ಕುಡಿತ ಮತ್ತು ವಿಷಪ್ರಯೋಗಗಳು ಕೂಡ ಒಂದು ಕಾಲಕ್ಕೆ ಶ್ರೀಮಂತ ಕುಲಗಳ ಚಟಗಳಾಗಿದ್ದು ಆಮೇಲೆ ಜನಸಾಮಾನ್ಯರಿಗೆ ಹಬ್ಬಿದವೆಂದು ಅವನು ವಾದಿಸಿದನು. ೧೮೯೦ರಲ್ಲಿ ಪ್ರಕಟವಾದ ‘ಅನುಕರಣೆಯ ನಿಯಮಗಳು’ ಎಂಬ ಅವನ ಗ್ರಂಥವು ಸಮಾಜವೆಂಬುದೇ ಅನುಕರಣೆಯ ಒಂದು ಮಹಾಜಾಲವೆಂದು ಸಾರಿತು. ಹತ್ತಿರವಿದ್ದವರನ್ನು ದೂರದವರಿಗಿಂತ ಹೆಚ್ಚಾಗಿ, ಮಾನ್ಯರಾದವರನ್ನು ಸಾಮಾನ್ಯರಿಗಿಂತ ಹೆಚ್ಚಾಗಿ ಜನ ಅನುಕರಿಸುತ್ತಾರೆ ಎಂಬುದು ಅದರ ತಿರುಳು. ನಮ್ಮ ಗಾದೆಯ ಹಿರಿಯಕ್ಕನಿಗೆ ಫ್ರಾನ್ಸಿನ ನ್ಯಾಯಾಲಯದಲ್ಲಿ ಸಾಕ್ಷಿ ಸಿಕ್ಕಿತೆಂದರೆ ತಪ್ಪಾಗಲಾರದು.

ಟಾರ್ಡನಿಗೆ ಕೀರ್ತಿ ಬಂದಿತು. ೧೯೦೦ರಲ್ಲಿ ಪ್ಯಾರಿಸಿನ ಕೊಲೇಜ್ ದ ಫ್ರಾನ್ಸ್ ಎಂಬ ವಿದ್ಯಾಪೀಠದಲ್ಲಿ ಪೀಠವೂ ದೊರೆಯಿತು. ಆದರೆ ಎಮಿಲ್ ಡರ್ಕ್‌ಹೈಮನ ವಿರೋಧ ಅವನ ವಿಚಾರವನ್ನು ಮಸುಕುಗೊಳಿಸಿತು. ಆತ್ಮಹತ್ಯೆಯನ್ನು ಕುರಿತ ೧೮೯೭ರ ತನ್ನ ಗ್ರಂಥದಲ್ಲಿ ಡರ್ಕ್‌ಹೈಮನು ಅನುಕರಣೆಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಅದು ಒಬ್ಬಿಬ್ಬರ ವರ್ತನೆಯನ್ನು ವಿವರಿಸಬಹುದೇ ಹೊರತು ಸಮಾಜದ ಸ್ಥಿತಿಯನ್ನು ವಿವರಿಸಲಾರದೆಂದು ತೀರ್ಮಾನಿಸಿದನು. ೧೯೦೪ರಲ್ಲಿ ಟಾರ್ಡನು ತೀರಿಕೊಂಡ ಬಳಿಕ ಅವನ ಪುಸ್ತಕಗಳನ್ನು ಓದುವವರು ಬಹುಕಾಲ ವಿರಳರಾದರು.

ಅಷ್ಟರಲ್ಲಿ ಅಮೆರಿಕದ ಪ್ರಯೋಗಶಾಲೆಗಳಲ್ಲಿ ಬೇರೊಂದು ಗಾಳಿ ಬೀಸತೊಡಗಿತ್ತು. ೧೮೯೮ರಲ್ಲಿ ಎಡ್ವರ್ಡ್ ಥಾರ್ನ್‌ಡೈಕನು ಬೆಕ್ಕುಗಳನ್ನು ಮರದ ಪೆಟ್ಟಿಗೆಯಲ್ಲಿ ಕೂಡಿ, ಅಗುಳಿಯನ್ನು ಸರಿಸಿಯೋ ದಾರವನ್ನು ಎಳೆದೋ ಅವು ಹೊರಬರುವುದನ್ನು ಅಳೆದನು. ಒಂದು ಬೆಕ್ಕು ಹೊರಬರುವುದನ್ನು ಇನ್ನೊಂದು ಎಷ್ಟೇ ನೋಡಿದರೂ, ತನ್ನ ಸರದಿ ಬಂದಾಗ ಅದು ಮೊದಲಿನಿಂದಲೇ ತಡಕಾಡಬೇಕಾಯಿತು. ಆಮೇಲೆ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳೂ ಅವನಿಗೆ ಬೇರೆ ಫಲ ಕೊಡಲಿಲ್ಲ. ಕಲಿಕೆಯೆಂದರೆ ತಾನೇ ಮಾಡಿ, ತಪ್ಪಿ, ಫಲ ಪಡೆದು ಗಟ್ಟಿಮಾಡಿಕೊಳ್ಳುವುದು ಎಂಬ ಸಿದ್ಧಾಂತ ಅಲ್ಲಿಂದ ಬೆಳೆಯಿತು. ಅದರ ಬೆನ್ನಿಗೆ ಬಂದ ವರ್ತನಾವಾದಿಗಳು ಮನಸ್ಸಿನ ಮಾತನ್ನೇ ಶಾಸ್ತ್ರದಿಂದ ಹೊರಗಟ್ಟಿದರು. ೧೯೪೧ರಲ್ಲಿ ಯೇಲ್ ವಿಶ್ವವಿದ್ಯಾಲಯದ ನೀಲ್ ಮಿಲ್ಲರ್ ಮತ್ತು ಜಾನ್ ಡಾಲರ್ಡ್ ಅನುಕರಣೆಯನ್ನು ಮರಳಿ ಚರ್ಚೆಗೆ ತಂದರು ನಿಜ. ಆದರೆ ಅವರ ಲೆಕ್ಕದಲ್ಲಿ ಅನುಕರಣೆಯೂ ಒಂದು ಅಭ್ಯಾಸವೇ: ಮುಂದೆ ಹೋದವನ ಹಿಂದೆ ಹೋದ ಮಗುವಿಗೆ ಮಿಠಾಯಿ ಸಿಗುತ್ತದೆ, ಆದ್ದರಿಂದ ಅದು ಹಿಂಬಾಲಿಸಲು ಕಲಿಯುತ್ತದೆ. ಇಂದು ಕೇವಲ ಕಂಡು, ಕೈಯನ್ನೂ ಆಡಿಸದೆ, ಬಹುಮಾನವನ್ನೂ ಪಡೆಯದೆ, ತಿಂಗಳ ನಂತರ ಅದನ್ನೇ ಮಾಡಿಬಿಡುವ ಮಗುವಿನ ಬಗ್ಗೆ ಆ ಲೆಕ್ಕದಲ್ಲಿ ಉತ್ತರವಿರಲಿಲ್ಲ.

ಈ ನಡುವೆ ನಡೆದ ಒಂದು ವಿಚಿತ್ರ ಪ್ರಯೋಗವನ್ನು ಇಲ್ಲಿ ಉಲ್ಲೇಖಿಸಬೇಕು. ೧೯೩೧ರಲ್ಲಿ ವಿಂತ್ರಪ್ ಕೆಲಾಗ್ ಮತ್ತು ಲುಯೆಲ್ಲಾ ಕೆಲಾಗ್ ಎಂಬ ದಂಪತಿಗಳು ಏಳೂವರೆ ತಿಂಗಳ ಚಿಂಪಾಂಜಿ ಮರಿಯೊಂದನ್ನು ಫ್ಲಾರಿಡಾದ ತಮ್ಮ ಮನೆಗೆ ತಂದು, ಹತ್ತು ತಿಂಗಳ ತಮ್ಮ ಮಗ ಡೊನಾಲ್ಡನ ಜೊತೆಯಲ್ಲಿ ಬೆಳೆಸಿದರು. ಮರಿಯ ಹೆಸರು ಗುವಾ. ಇಬ್ಬರಿಗೂ ಒಂದೇ ಬಗೆಯ ಉಡುಪು, ಒಂದೇ ಊಟ, ಒಂದೇ ಮುದ್ದು. ಗುವಾ ಚಮಚದಲ್ಲಿ ತಿನ್ನಲು ಕಲಿತಿತು, ಎರಡು ಕಾಲಿನ ಮೇಲೆ ನಡೆಯಿತು, ಹೇಳಿದ ಮಾತು ಕೇಳುವುದರಲ್ಲಿ ಕೆಲಕಾಲ ಮಗುವಿಗಿಂತಲೂ ಮುಂದಿತ್ತು. ಮಾತು ಮಾತ್ರ ಬರಲಿಲ್ಲ. ಬದಲಾಗಿ ಡೊನಾಲ್ಡನೇ ಗುವಾಳ ಆಟಗಳನ್ನು ಹಿಂಬಾಲಿಸಿದನು. ಆಹಾರ ಕಂಡಾಗ ಅವಳಂತೆ ಗುರುಗುಟ್ಟತೊಡಗಿದನು. ಒಂಬತ್ತು ತಿಂಗಳಿಗೆ ಪ್ರಯೋಗ ನಿಂತಿತು. ಮೃಗವು ಮನುಷ್ಯನನ್ನು ಎಷ್ಟು ಅನುಕರಿಸೀತೆಂದು ನೋಡಹೊರಟವರಿಗೆ, ಅನುಕರಣೆಯಲ್ಲಿ ಮನುಷ್ಯನ ಮಗುವೇ ಮುಂದು ಎಂಬುದು ಕಂಡಿತು. ಮಕ್ಕಳನ್ನು ಹೀಗೆ ಪ್ರಯೋಗಕ್ಕೆ ಒಡ್ಡುವುದನ್ನು ಇಂದಿನ ಯಾವ ವಿದ್ವತ್ಸಭೆಯೂ ಒಪ್ಪಲಾರದು.

ಇನ್ನು ಕಥೆಯ ಮುಖ್ಯ ಪುರುಷನ ವಿಷಯ. ಆಲ್ಬರ್ಟ್ ಬಂಡೂರಾ ೧೯೨೫ರ ಡಿಸೆಂಬರ್ ೪ರಂದು ಕೆನಡಾ ದೇಶದ ಆಲ್ಬರ್ಟಾ ಪ್ರಾಂತದ ಮಂಡೇರ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಪೋಲೆಂಡಿನಿಂದ, ತಾಯಿ ಉಕ್ರೇನಿನಿಂದ ವಲಸೆ ಬಂದವರು. ಆರು ಮಕ್ಕಳಲ್ಲಿ ಇವರೇ ಕಡೆಯವರು. ಊರಿಗಿದ್ದುದು ಒಂದೇ ಶಾಲೆ. ಅಲ್ಲಿ ಉಪಾಧ್ಯಾಯರೂ ಪುಸ್ತಕಗಳೂ ಕಡಮೆಯಾಗಿದ್ದುದರಿಂದ ವಿದ್ಯಾರ್ಥಿಗಳು ತಮ್ಮ ಪಾಠವನ್ನು ತಾವೇ ಕಲಿತುಕೊಳ್ಳಬೇಕಾಗಿತ್ತು. ಪರರನ್ನು ನೋಡಿ ಕಲಿಯುವ ಬಗೆಯನ್ನು ಲೋಕಕ್ಕೆ ತಿಳಿಸಿದವರು ನೋಡಿ ಕಲಿಯಲು ಹೆಚ್ಚು ಜನರಿಲ್ಲದ ಕಡೆಯಲ್ಲಿ ಬೆಳೆದರೆಂಬುದು ವಿನೋದವೇ ಸರಿ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬೆಳಗಿನ ಖಾಲಿ ವೇಳೆಯನ್ನು ತುಂಬಲೆಂದು ಅವರು ಮನಶ್ಶಾಸ್ತ್ರದ ತರಗತಿಗೆ ಸೇರಿದರು. ಆ ಆಕಸ್ಮಿಕವೇ ಜೀವಮಾನದ ವೃತ್ತಿಯಾಯಿತು. ೧೯೫೨ರಲ್ಲಿ ಅಯೋವಾದಿಂದ ಡಾಕ್ಟರೇಟ್ ಪಡೆದು, ೧೯೫೩ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವನ್ನು ಸೇರಿದ ಅವರು ಕೊನೆಯವರೆಗೂ ಅಲ್ಲಿಯೇ ಉಳಿದರು.

ಅವರ ಮೊದಲ ಶೋಧನೆಗೆ ಕಾರಣವಾದುದು ಒಂದು ಒಗಟು. ಬಡತನವಾಗಲಿ ಮುರಿದ ಸಂಸಾರವಾಗಲಿ ಇಲ್ಲದ ಮನೆಗಳ ಹುಡುಗರು ಏಕೆ ಹಿಂಸಾಪ್ರವೃತ್ತರಾಗುತ್ತಾರೆ? ಶಿಷ್ಯರಾದ ರಿಚರ್ಡ್ ವಾಲ್ಟರ್ಸ್ ಅವರೊಂದಿಗೆ ೧೯೫೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದಕ್ಕೆ ಉತ್ತರದ ಸುಳಿವಿತ್ತು. ಈ ತಂದೆತಾಯಿಗಳು ತಮ್ಮ ಎದುರಿನಲ್ಲಿ ಮಗ ಕೈಯೆತ್ತಿದರೆ ಸಹಿಸುತ್ತಿರಲಿಲ್ಲ, ಕಠಿಣವಾಗಿ ದಂಡಿಸುತ್ತಿದ್ದರು. ಹೊರಗಿನವರ ಮೇಲಿನ ಜಗಳಕ್ಕೆ ಮಾತ್ರ ಅವರ ಬೆಂಬಲವಿತ್ತು. ಹೊಡೆಯಬಾರದೆಂದು ಹೊಡೆದು ಹೇಳುತ್ತಿದ್ದ ತಂದೆಯಿಂದ ಮಗ ಕಲಿತದ್ದು ಹೊಡೆಯುವುದನ್ನು.

೧೯೬೧ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬಂಡೂರಾ ಮತ್ತು ಅವರ ಸಹೋದ್ಯೋಗಿಗಳಾದ ಡೊರೋತಿಯಾ ರಾಸ್, ಶೀಲಾ ರಾಸ್ ಈ ವಿಚಾರವನ್ನು ಪರೀಕ್ಷೆಗೆ ಒಡ್ಡಿದರು. ವಿಶ್ವವಿದ್ಯಾಲಯದ ಶಿಶುವಿಹಾರದಿಂದ ೩೬ ಗಂಡು, ೩೬ ಹೆಣ್ಣು, ಒಟ್ಟು ೭೨ ಮಕ್ಕಳನ್ನು ಆರಿಸಲಾಯಿತು. ಅವರ ವಯಸ್ಸು ಮೂರರಿಂದ ಸುಮಾರು ಆರು ವರ್ಷ. ಒಂದೊಂದೇ ಮಗುವನ್ನು ಕೋಣೆಯ ಒಂದು ಮೂಲೆಯಲ್ಲಿ ಚಿತ್ರಗಳ ಕೆಲಸಕ್ಕೆ ಕೂರಿಸಿದರು. ಇನ್ನೊಂದು ಮೂಲೆಯಲ್ಲಿ ವಯಸ್ಕರೊಬ್ಬರು; ಅವರ ಬಳಿ ಆಟದ ಸಾಮಾನುಗಳು, ಒಂದು ಕೊಡತಿ, ಗಾಳಿ ತುಂಬಿದ ಐದಡಿ ಎತ್ತರದ ‘ಬೋಬೊ’ ಎಂಬ ಗೊಂಬೆ. ಬುಡದಲ್ಲಿ ಭಾರವಿರುವ ಆ ಗೊಂಬೆ ಕೆಡವಿದಷ್ಟು ಸಲವೂ ತಾನೇ ಎದ್ದು ನಿಲ್ಲುವಂಥದು. ೨೪ ಮಕ್ಕಳ ಮುಂದೆ ಆ ವಯಸ್ಕರು ಗೊಂಬೆಯ ಮೇಲೆ ಕುಳಿತು ಮೂಗಿಗೆ ಗುದ್ದಿದರು, ಕೊಡತಿಯಿಂದ ತಲೆಗೆ ಹೊಡೆದರು, ಒದ್ದರು, ಒಂದೊಂದು ಏಟಿಗೂ ಒಂದೊಂದು ವಿಲಕ್ಷಣ ಮಾತಾಡಿದರು. ಇನ್ನು ೨೪ ಮಕ್ಕಳ ಮುಂದೆ ಅವರು ಗೊಂಬೆಯ ಗೊಡವೆಗೆ ಹೋಗದೆ ಶಾಂತವಾಗಿ ಆಡಿದರು. ಉಳಿದ ೨೪ ಮಕ್ಕಳು ಏನನ್ನೂ ನೋಡಲಿಲ್ಲ. ಆಮೇಲೆ ಮಗುವನ್ನು ಬೇರೊಂದು ಕೋಣೆಗೆ ಒಯ್ದು ಚೆಂದದ ಆಟಿಕೆಗಳನ್ನು ಕೊಟ್ಟು, ಅವು ಬೇರೆಯವರಿಗೆ ಮೀಸಲೆಂದು ಸ್ವಲ್ಪ ಹೊತ್ತಿನಲ್ಲಿಯೇ ಕಸಿದುಕೊಂಡು ತುಸು ಬೇಸರ ಬರಿಸಿದರು. ಕಡೆಗೆ ಗೊಂಬೆಯಿದ್ದ ಮೂರನೆಯ ಕೋಣೆಯಲ್ಲಿ ೨೦ ನಿಮಿಷ ಬಿಟ್ಟು ಮರೆಯಿಂದ ನೋಡಿದರು.

ಹೊಡೆತವನ್ನು ಕಂಡಿದ್ದ ಮಕ್ಕಳಲ್ಲಿ ಅನೇಕರು ಅದೇ ಕ್ರಮದಲ್ಲಿ, ಅದೇ ಮಾತುಗಳನ್ನಾಡುತ್ತ ಗೊಂಬೆಯನ್ನು ಹೊಡೆದರು. ಉಳಿದೆರಡು ಗುಂಪುಗಳಲ್ಲಿ ನೂರಕ್ಕೆ ಸುಮಾರು ೭೦ ಮಕ್ಕಳು ಅಂಥದೊಂದನ್ನೂ ಮಾಡಲಿಲ್ಲ. ಗಂಡುಮಕ್ಕಳು ಹೊಡೆತದಲ್ಲಿ ಮುಂದಿದ್ದರು. ಹೊಡೆದವರು ಹೆಂಗಸಾಗಿದ್ದಾಗ, ಹೆಂಗಸು ಹೀಗೆ ಮಾಡುವುದುಂಟೆ ಎಂದು ಮಕ್ಕಳೇ ಟೀಕಿಸಿದ್ದೂ ವರದಿಯಲ್ಲಿದೆ. ನಾಲ್ಕು ವರ್ಷಕ್ಕಾಗಲೇ ಅವರು ಬೇರೆಲ್ಲೋ ನೋಡಿ ಆ ಪಾಠವನ್ನೂ ಕಲಿತಿದ್ದರು! ಇಲ್ಲಿ ಮುಖ್ಯವಾದುದು ಇಷ್ಟು: ಯಾವ ಮಗುವಿಗೂ ಯಾರೂ ಮಿಠಾಯಿ ಕೊಟ್ಟಿರಲಿಲ್ಲ, ಮಾಡೆಂದು ಹೇಳಿರಲಿಲ್ಲ. ೧೯೬೩ರಲ್ಲಿ ೯೬ ಮಕ್ಕಳೊಂದಿಗೆ ನಡೆದ ಎರಡನೆಯ ಪ್ರಯೋಗದಲ್ಲಿ, ಎದುರಿಗೆ ನಡೆದುದನ್ನು ನೋಡಿದರೂ ಚಲಚ್ಚಿತ್ರದಲ್ಲಿ ನೋಡಿದರೂ ಫಲದಲ್ಲಿ ದೊಡ್ಡ ವ್ಯತ್ಯಾಸವಿಲ್ಲವೆಂದು ತಿಳಿಯಿತು.

ಆದರೆ ವಿಚಾರದ ದೃಷ್ಟಿಯಿಂದ ಎಲ್ಲಕ್ಕಿಂತ ತೂಕವುಳ್ಳದ್ದು ೧೯೬೫ರ ಪ್ರಯೋಗ. ಜನಪ್ರಿಯ ಬರಹಗಳು ಗೊಂಬೆಯ ಕಥೆಯನ್ನು ಹೇಳಿ ಇದನ್ನು ಬಿಟ್ಟುಬಿಡುವುದು ಶೋಚನೀಯ. ಇಲ್ಲಿ ೬೬ ಮಕ್ಕಳಿಗೆ ಒಂದೇ ಚಲಚ್ಚಿತ್ರವನ್ನು ಮೂರು ಬೇರೆ ಬೇರೆ ಮುಕ್ತಾಯಗಳೊಂದಿಗೆ ತೋರಿಸಲಾಯಿತು. ಒಂದರಲ್ಲಿ ಗೊಂಬೆಯನ್ನು ಹೊಡೆದವನಿಗೆ ಹೊಗಳಿಕೆಯೂ ತಿಂಡಿಯೂ ದೊರೆಯಿತು. ಇನ್ನೊಂದರಲ್ಲಿ ಗದರಿಕೆಯೂ ಏಟೂ ಬಿದ್ದವು. ಮೂರನೆಯದರಲ್ಲಿ ಏನೂ ಆಗಲಿಲ್ಲ. ನಿರೀಕ್ಷೆಯಂತೆ, ದಂಡನೆಯನ್ನು ಕಂಡ ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ಕಡಮೆ ಅನುಕರಿಸಿದರು. ಶಿಕ್ಷೆಯಿಂದ ಕೆಟ್ಟ ಪಾಠ ಅಳಿಸಿಹೋಯಿತೆಂದು ಇಲ್ಲಿಗೇ ನಿಲ್ಲಿಸಿ ಹೇಳಬಹುದಾಗಿತ್ತು. ಬಂಡೂರಾ ನಿಲ್ಲಿಸಲಿಲ್ಲ. ಕಂಡದ್ದನ್ನು ಮಾಡಿ ತೋರಿಸಿದರೆ ಹಣ್ಣಿನ ರಸವನ್ನೂ ಚಿತ್ರಗಳನ್ನೂ ಕೊಡುವುದಾಗಿ ಪ್ರತಿಯೊಂದು ಮಗುವಿಗೂ ಹೇಳಿದರು. ಒಡನೆಯೇ ಮೂರು ಗುಂಪುಗಳೂ ಸಮನಾದವು. ಗಂಡುಹೆಣ್ಣುಗಳ ಅಂತರವೂ ಬಹುಮಟ್ಟಿಗೆ ಕರಗಿತು. ದಂಡನೆಯನ್ನು ಕಂಡು ಸುಮ್ಮನಿದ್ದ ಮಗುವೂ ಪ್ರತಿಯೊಂದು ಏಟನ್ನೂ ಕಲಿತಿತ್ತು. ಶಿಕ್ಷೆಯು ಕೈಯನ್ನು ತಡೆದಿತ್ತೇ ಹೊರತು ಕಲಿಕೆಯನ್ನು ತಡೆದಿರಲಿಲ್ಲ.

ಕಲಿಯುವುದು ಬೇರೆ, ಮಾಡುವುದು ಬೇರೆ ಎಂಬ ಈ ವಿವೇಕದ ಮೇಲೆಯೇ ಅವರ ಸಿದ್ಧಾಂತವು ನಿಂತಿದೆ. ಗಮನವಿಟ್ಟು ನೋಡಬೇಕು, ನೆನಪಿನಲ್ಲಿ ಉಳಿಯಬೇಕು, ಮಾಡುವ ಶಕ್ತಿ ಇರಬೇಕು, ಮಾಡಲು ಪ್ರೇರಣೆ ಬೇಕು. ಮೊದಲಿನ ಎರಡರಿಂದ ಕಲಿಕೆ, ಕೊನೆಯ ಎರಡರಿಂದ ಕ್ರಿಯೆ. ೧೯೭೭ರ ‘ಸಾಮಾಜಿಕ ಕಲಿಕೆಯ ಸಿದ್ಧಾಂತ’ ಎಂಬ ಕಿರುಗ್ರಂಥದಲ್ಲಿ ಇದು ಅಡಕವಾಗಿದೆ. ಥಾರ್ನ್‌ಡೈಕನ ಬೆಕ್ಕಿನಿಂದ ಹೊರಟ ದಾರಿ ಇಲ್ಲಿಗೆ ಮುಗಿಯಿತೆನ್ನಬೇಕು.

ಆಕ್ಷೇಪಗಳೂ ಬಂದವು, ಅವು ಹುರುಳಿಲ್ಲದವುಗಳಲ್ಲ. ಬೋಬೊ ಹೊಡೆಯಲೆಂದೇ ಮಾಡಿದ ಗೊಂಬೆ, ಅದನ್ನು ಹೊಡೆಯುವುದು ಆಟವೇ ಹೊರತು ಹಿಂಸೆಯಲ್ಲ. ಮಕ್ಕಳು ಒಂದೇ ಬಗೆಯ ಮನೆಗಳವರು. ಪರೀಕ್ಷೆ ನಡೆದುದು ನೋಡಿದ ಕೂಡಲೆ. ಈ ಮೂರೂ ಮಾತುಗಳನ್ನು ಒಪ್ಪಬಹುದು. ಆದರೆ ಕಂಡದ್ದು ಮನಸ್ಸಿನಲ್ಲಿ ಉಳಿಯುತ್ತದೆಂಬ ೧೯೬೫ರ ಫಲಿತಾಂಶಕ್ಕೆ ಇವುಗಳಿಂದ ಧಕ್ಕೆಯಿಲ್ಲ. ದೂರದರ್ಶನದ ವ್ಯಾಪಾರಿಗಳ ಆಕ್ಷೇಪ ಬೇರೆ ಜಾತಿಯದು. ದೂರದರ್ಶನದ ಹಿಂಸೆಯನ್ನು ಕುರಿತು ಅಮೆರಿಕದ ಸರ್ಕಾರ ನೇಮಿಸಿದ, ೧೯೭೨ರಲ್ಲಿ ವರದಿ ಕೊಟ್ಟ ಸಮಿತಿಯ ಸದಸ್ಯರನ್ನು ಆರಿಸುವಾಗ, ಬೇಡವಾದವರ ಹೆಸರನ್ನು ತೆಗೆದುಹಾಕಲು ಪ್ರಸಾರ ಸಂಸ್ಥೆಗಳಿಗೆ ಅವಕಾಶ ಕೊಡಲಾಗಿತ್ತು. ಹಾಗೆ ತೆಗೆದುಹಾಕಿದ ಏಳು ಹೆಸರುಗಳಲ್ಲಿ ಬಂಡೂರಾ ಅವರದೂ ಒಂದು.

ನೋಡಿ ಕಲಿಯುವುದು ಕೇಡನ್ನು ಮಾತ್ರವೇ? ೧೯೬೭ರಲ್ಲಿ ನಾಯಿಗೆ ಹೆದರುವ ಎಳೆಯ ಮಕ್ಕಳಿಗೆ, ನಿರ್ಭಯವಾದ ಇನ್ನೊಂದು ಮಗು ನಾಯಿಯೊಂದಿಗೆ ದಿನದಿನಕ್ಕೆ ಹೆಚ್ಚು ಸಲಿಗೆಯಿಂದ ಆಡುವುದನ್ನು ತೋರಿಸಲಾಯಿತು. ಅವರಲ್ಲಿ ಬಹಳ ಮಂದಿ ಭಯವನ್ನು ನೀಗಿದರು. ೧೯೬೯ರಲ್ಲಿ ಹಾವಿನ ಭಯವುಳ್ಳ ದೊಡ್ಡವರ ವಿಷಯದಲ್ಲಿಯೂ, ಮಾಡುವವರನ್ನು ನೋಡುತ್ತ, ಜೊತೆಗೆ ನಿಂತು ಮೆಲ್ಲಮೆಲ್ಲನೆ ತಾವೂ ಮುಟ್ಟುತ್ತ ಹೋದವರಿಗೆ ಮಿಕ್ಕ ಚಿಕಿತ್ಸೆಗಳಿಗಿಂತ ಹೆಚ್ಚು ಗುಣ ಕಂಡಿತು.

ನಡೆನುಡಿಗಳ ಸಂಬಂಧವನ್ನು ಹನ್ನೆರಡನೆಯ ಶತಮಾನದ ಶರಣರಷ್ಟು ಒತ್ತಿ ಹೇಳಿದವರು ವಿರಳ. ಆದುದರಿಂದ ಈ ಪತ್ರಿಕೆಯ ವಾಚಕರಿಗೆ ೧೯೭೦ರಲ್ಲಿ ಜೇಮ್ಸ್ ಬ್ರಯನ್ ಮತ್ತು ನ್ಯಾನ್ಸಿ ವಾಲ್ಬೆಕ್ ಪ್ರಕಟಿಸಿದ ಪ್ರಯೋಗವು ಸ್ವಾರಸ್ಯಕರವಾಗಿ ತೋರಬಹುದು. ಮಕ್ಕಳು ಆಟವೊಂದರಲ್ಲಿ ಬಹುಮಾನದ ಚೀಟಿಗಳನ್ನು ಗೆಲ್ಲುತ್ತಾರೆ. ಪಕ್ಕದಲ್ಲಿ ಬಡಮಕ್ಕಳಿಗಾಗಿ ಒಂದು ಕಾಣಿಕೆಯ ಡಬ್ಬಿ ಇದೆ. ಅವರಿಗಿಂತ ಮೊದಲು ಆಡುವ ವ್ಯಕ್ತಿ ಕೆಲವೊಮ್ಮೆ ಡಬ್ಬಿಗೆ ಹಾಕುತ್ತಾನೆ, ಕೆಲವೊಮ್ಮೆ ಎಲ್ಲವನ್ನೂ ಇಟ್ಟುಕೊಳ್ಳುತ್ತಾನೆ; ಕೊಡಬೇಕೆಂದು ಕೆಲವೊಮ್ಮೆ ಬೋಧಿಸುತ್ತಾನೆ, ಕೊಡಬೇಕಾಗಿಲ್ಲವೆಂದು ಕೆಲವೊಮ್ಮೆ ಹೇಳುತ್ತಾನೆ. ಹೀಗೆ ಬೋಧಿಸಿ ಕೊಡದವನೂ ಉಂಟು, ಬೋಧಿಸದೆ ಕೊಟ್ಟವನೂ ಉಂಟು. ಮಕ್ಕಳ ಕೊಡುಗೆ ಅವನ ಕೈಯನ್ನು ಅನುಸರಿಸಿತು. ಅವನ ಬೋಧೆಯಿಂದ ಡಬ್ಬಿಗೆ ಬಿದ್ದ ಕಾಣಿಕೆಯಲ್ಲಿ ಗಣನೀಯ ವ್ಯತ್ಯಾಸವಾಗಲಿಲ್ಲ. ಕೊಡುವುದು ಒಳ್ಳೆಯದೆಂಬುದನ್ನು ಮಕ್ಕಳು ಅರಿಯದೆ ಇರಲಿಲ್ಲ, ಅರಿವಿಗೆ ಕೊರತೆಯಿರಲಿಲ್ಲ.

ಪ್ರಾಣಿಗಳ ವಿಷಯಕ್ಕೆ ಒಮ್ಮೆ ಮರಳಬೇಕು. ಜಪಾನಿನ ಕೋಶಿಮಾ ದ್ವೀಪದಲ್ಲಿ ೧೯೫೩ರಲ್ಲಿ ಇಮೋ ಎಂಬ ಎಳೆಯ ಹೆಣ್ಣುಕೋತಿ ಮಣ್ಣು ಮೆತ್ತಿದ ಗೆಣಸನ್ನು ನೀರಿನಲ್ಲಿ ತೊಳೆದು ತಿನ್ನತೊಡಗಿತು. ಒಡನಾಡಿಗಳೂ ತಾಯಿಯೂ ಅದನ್ನು ಕಲಿತವು. ವಯಸ್ಸಾದ ಗಂಡುಗಳು ಕಲಿಯಲಿಲ್ಲ. ಮೇಲಿನವರಿಂದ ಕೆಳಗಿಳಿಯುವುದೆಂಬ ಟಾರ್ಡನ ನಿಯಮಕ್ಕೆ ಇದು ನೇರವಾಗಿ ಎದುರು. ಆ ಅಭ್ಯಾಸ ಹಬ್ಬಿದ್ದು ಬಹಳ ನಿಧಾನವಾಗಿ, ಅದು ನಿಜವಾದ ಅನುಕರಣೆಯೋ ಅಲ್ಲವೋ ಎಂದು ಆಮೇಲಿನ ವಿದ್ವಾಂಸರು ಶಂಕಿಸಿದ್ದಾರೆ. ೨೦೦೫ರಲ್ಲಿ ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರೂ ವೈಟನ್ ಪ್ರಕಟಿಸಿದ ಶೋಧನೆ ಇನ್ನೂ ತೀಕ್ಷ್ಣವಾದುದು. ತಿಂಡಿಯಿದ್ದ ಪೆಟ್ಟಿಗೆಯನ್ನು ತೆರೆಯುವಾಗ ಬೇಕಾದುದರ ಜೊತೆಗೆ ನಿಷ್ಪ್ರಯೋಜಕ ಕ್ರಿಯೆಗಳನ್ನೂ ಮಾಡಿ ತೋರಿಸಲಾಯಿತು. ಪೆಟ್ಟಿಗೆ ಪಾರದರ್ಶಕವಾಗಿದ್ದಾಗ ಚಿಂಪಾಂಜಿಗಳು ವ್ಯರ್ಥ ಕ್ರಿಯೆಯನ್ನು ಬಿಟ್ಟು ನೇರವಾಗಿ ತಿಂಡಿಗೆ ಕೈಹಾಕಿದವು. ಮೂರು ನಾಲ್ಕು ವರ್ಷದ ಮಕ್ಕಳು, ವ್ಯರ್ಥವೆಂದು ಕಣ್ಣಿಗೆ ಕಾಣುತ್ತಿದ್ದರೂ, ಎಲ್ಲವನ್ನೂ ಹಾಗೆಹಾಗೆಯೇ ಮಾಡಿದರು. ಇದನ್ನು ಮಕ್ಕಳ ದಡ್ಡತನವೆಂದು ನಗುವಂತಿಲ್ಲ. ಕಾರಣ ತಿಳಿಯದ ಕ್ರಿಯೆಯನ್ನೂ ಶ್ರದ್ಧೆಯಿಂದ ಪಡೆದು ಉಳಿಸಿಕೊಳ್ಳುವ ಈ ಗುಣವಿಲ್ಲದಿದ್ದರೆ ಕಸುಬುಗಳಾಗಲಿ ಸಂಪ್ರದಾಯಗಳಾಗಲಿ ಒಂದು ತಲೆಯಿಂದ ಇನ್ನೊಂದಕ್ಕೆ ದಾಟುತ್ತಿರಲಿಲ್ಲ; ಅರ್ಥಹೀನವಾದ ಆಚರಣೆಗಳೂ ಅದೇ ಬಾಗಿಲಿನಿಂದಲೇ ಒಳಬರುತ್ತವೆಂಬುದು ಬೇರೆ ಮಾತು.

ಬಂಡೂರಾ ೨೦೨೧ರ ಜುಲೈ ೨೬ರಂದು, ತಮ್ಮ ೯೫ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಸಿದ್ಧಾಂತವು ಭಾರತವನ್ನು ಪ್ರವೇಶಿಸಿದ್ದು ಪಾಠಪುಸ್ತಕಗಳಿಂದ ಮಾತ್ರವಲ್ಲ, ದೂರದರ್ಶನದ ಮೂಲಕವೂ ಹೌದು. ಮೆಕ್ಸಿಕೋ ದೇಶದ ಮಿಗೆಲ್ ಸಬೀದೊ ಎಂಬ ನಾಟಕಕಾರರು ಬಂಡೂರಾ ಅವರ ಬರಹಗಳನ್ನು ಓದಿ, ಜನರಿಗೆ ಒಳ್ಳೆಯದನ್ನು ಕಲಿಸಲು ಧಾರಾವಾಹಿಗಳನ್ನು ರಚಿಸಿದರು. ಒಳ್ಳೆಯದನ್ನು ಹಿಡಿದವನೊಬ್ಬ, ಕೆಟ್ಟದ್ದನ್ನು ಹಿಡಿದವನೊಬ್ಬ, ನಡುವೆ ತೊಳಲಾಡಿ ಕ್ರಮೇಣ ಬದಲಾಗುವವನೊಬ್ಬ. ನೋಡುವವನು ಈ ಮೂರನೆಯವನನ್ನು ಅನುಕರಿಸುತ್ತಾನೆಂಬುದು ಅವರ ಯುಕ್ತಿ. ವಯಸ್ಕರ ಸಾಕ್ಷರತೆಯನ್ನು ಕುರಿತ ೧೯೭೫ರ ಧಾರಾವಾಹಿಯನ್ನು ನೋಡಿ ಅಲ್ಲಿ ಜನ ಗುಂಪುಗುಂಪಾಗಿ ಓದುಬರಹದ ತರಗತಿಗಳಿಗೆ ಸೇರಿದರು.

ಆ ಮಾದರಿಯನ್ನು ಅನುಸರಿಸಿ ೧೯೮೪ರ ಜುಲೈ ೭ರಂದು ಆರಂಭವಾದುದೇ ‘ಹಮ್ ಲೋಗ್’. ಮನೋಹರ ಶ್ಯಾಮ ಜೋಶಿ ಬರೆದ ಈ ಹಿಂದಿ ಧಾರಾವಾಹಿ ೧೯೮೫ರ ಡಿಸೆಂಬರಿನವರೆಗೆ ೧೫೬ ಕಂತುಗಳಲ್ಲಿ ಪ್ರಸಾರವಾಯಿತು. ಪ್ರೇಕ್ಷಕರಿಂದ ನಾಲ್ಕು ಲಕ್ಷಕ್ಕೂ ಮಿಕ್ಕಿ ಪತ್ರಗಳು ಬಂದವು. ಕುಡುಕ ಗಂಡನ ಕಾಟವನ್ನೂ ಅತ್ತೆಯ ಮಾತನ್ನೂ ನುಂಗಿಕೊಂಡು ಬಾಳುವ ಭಾಗವಂತಿ ಎಂಬ ತಾಯಿಯನ್ನು ಕಥೆಯಲ್ಲಿ ಇರಿಸಿದ್ದು, ಹೆಣ್ಣು ಹೀಗೆ ಬಾಳಬಾರದೆಂದು ತೋರಿಸುವುದಕ್ಕಾಗಿ. ಪ್ರತಿ ಕಂತಿನ ಕೊನೆಯಲ್ಲಿ ನಟ ಅಶೋಕ ಕುಮಾರರು ಕಾಣಿಸಿಕೊಂಡು ಕಥೆಯ ತಾತ್ಪರ್ಯವನ್ನು ಬಿಡಿಸಿ ಹೇಳುತ್ತಿದ್ದರು. ಆ ಧಾರಾವಾಹಿಯ ಪ್ರಭಾವವನ್ನು ಅಧ್ಯಯನಮಾಡಿದ ಅರವಿಂದ ಸಿಂಘಾಲ್ ಮತ್ತು ಎವರೆಟ್ ರೋಜರ್ಸ್ ಪ್ರೇಕ್ಷಕರನ್ನು ವಿಚಾರಿಸಿದಾಗ, ಸಹನೆಗೂ ತ್ಯಾಗಕ್ಕೂ ಆದರ್ಶವೆಂದು, ಅನುಕರಿಸತಕ್ಕವಳೆಂದು ಅವರಲ್ಲಿ ಅನೇಕರು ಹೆಸರಿಸಿದ್ದು ಭಾಗವಂತಿಯನ್ನೇ.